ಸತ್ತ ಚೂರು

ಅನಕಾಪಲ್ಲಿ ದಾಟುವ ಹೊತ್ತಿಗೆ ಎದುರು ಸೀಟಿನ ಮುದುಕರು ಏನು ಕೆಲಸ ಮಾಡುತ್ತೀರಿ ಎಂದು ತೆಲುಗಿನಲ್ಲಿ ಕೇಳಿದಾಗ ಶೇಷಗಿರಿ ಕನ್ನಡಕದ ವ್ಯಾಪಾರ ಎಂದುಬಿಟ್ಟ. ಯಾಕೆ ಹಾಗೆಂದನೋ ಅವನಿಗೇ ತಿಳಿಯಲಿಲ್ಲ. ಮುದುಕರು ಖುಷಿಯಾಗಿ ತಮ್ಮ ಕನ್ನಡಕ ತೆಗೆದು, ಬಲಗಡೆಯ ಕಡ್ಡಿ ಲೊಡಲೊಡ ಅನ್ನುತ್ತದೆ, ಸ್ವಲ್ಪ ನೋಡಿಕೊಡಿ ಎಂದು ಅವನ ಕೈಗೇ ಇಟ್ಟರು. ಈಗ ಬೇರೆ ದಾರಿಯಿರಲಿಲ್ಲ. ಕೂದಲೆಳೆಯಷ್ಟು ಸಣ್ಣ ಸ್ಕ್ರೂವನ್ನು ಹೆಬ್ಬೆರಳಿನ ಉಗುರಿನಲ್ಲಿ ತಿರುಗಿಸುತ್ತ, ಕನ್ನಡಕವಿಲ್ಲದ ಆ ಮುದುಕರ ಮುಖ ಇದ್ದಕ್ಕಿದ್ದಂತೆ ಎಳೆಮಗುವಿನ ಮುಖವಾಗಿ ತನ್ನನ್ನೇ ನಂಬಿ ಕೂತಿರುವುದನ್ನು ನೋಡಿ, ಅವನಿಗೆ ಎದ್ದು ಬೇರೆ ಬೋಗಿಗೆ ಹೋಗಿಬಿಡಬೇಕೆನ್ನಿಸಿತು. ಏಳು ವರ್ಷದಿಂದ ಅವನು ವಿಶಾಖಪಟ್ಟಣದ ಒಂದು ಪ್ರಯೋಗಾಲಯದಲ್ಲಿ ಇಲಿಯ ಮೆದುಳಿನ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಬಣ್ಣ ಹಾಕಿ, ಬೆಳಕು ಹಾಯಿಸಿ, ನರಕೋಶಗಳು ಯಾವಾಗ ಮಿಣುಕುತ್ತವೆ ಯಾವಾಗ ಆರುತ್ತವೆ ಎಂದು ನೋಡುತ್ತ ಕೂತವನು. ಮೊನ್ನೆ ಗುರುವಾರದವರೆಗೆ ಯಾರಾದರೂ ಕೇಳಿದರೆ ಇದನ್ನೇ, ಕೇಳದಿದ್ದರೂ ಇದನ್ನೇ, ಹೇಳಿಕೊಂಡು ತಿರುಗುತ್ತಿದ್ದ. ಮುದುಕರು ಕನ್ನಡಕ ಹಾಕಿಕೊಂಡು ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಿ, ಗಟ್ಟಿಯಾಯಿತು, ಕೈ ಗುಣ ಎಂದರು. ಶೇಷಗಿರಿ ಕಿಟಕಿಯ ಕಡೆ ತಿರುಗಿ ಕೂತ.

ಗುರುವಾರ ಮಧ್ಯಾಹ್ನ ಇಂಚರಾ ಅವನ ಕೋಣೆಯ ಬಾಗಿಲಲ್ಲಿ ನಿಂತು, “ಸರ್, ಔಷಧಿ ಬದ್ಲು ಬರೀ ನೀರು ಹಾಕಿ ಒಂದು ಸಲ ಓಡಿಸಿದೆ, ನೋಡ್ತೀರಾ?” ಎಂದಿದ್ದಳು. ಶಿವಮೊಗ್ಗ ಕಡೆಯ ಹುಡುಗಿ, ಆರು ತಿಂಗಳ ಮಟ್ಟಿಗೆ ಕೆಲಸ ಕಲಿಯಲು ಬಂದವಳು. ಅವಳು ಕೇಳಿದ ರೀತಿಯಲ್ಲಿ ಸವಾಲೇನೂ ಇರಲಿಲ್ಲ, ಚಹಾಕ್ಕೆ ಸಕ್ಕರೆ ಹಾಕಲೇ ಎಂದು ಕೇಳಿದಷ್ಟೇ ಸಹಜವಾಗಿತ್ತು. ಇಬ್ಬರೂ ಪರದೆಯ ಮುಂದೆ ಕೂತರು. ಮೂರ್ಛೆರೋಗದ ಮೆದುಳಿನಲ್ಲಿ ಆಗುವುದನ್ನು ಚೂರಿನಲ್ಲಿ ಮಾಡಿಸುವುದು ಕಷ್ಟವಲ್ಲ. ಚೂರು ನೆನೆದಿರುವ ನೀರಿನಿಂದ ಒಂದು ಲವಣ ತೆಗೆದರೆ ಸಾಕು, ಅಲ್ಲಲ್ಲಿ ತಮ್ಮಷ್ಟಕ್ಕೆ ಮಿಣುಕುತ್ತಿದ್ದ ಕೋಶಗಳೆಲ್ಲ ಒಟ್ಟಿಗೆ ಹಸಿರಾಗಿ ಹೊತ್ತಿಕೊಳ್ಳುತ್ತವೆ, ಒಟ್ಟಿಗೆ ಆರುತ್ತವೆ, ಮತ್ತೆ ಹೊತ್ತಿಕೊಳ್ಳುತ್ತವೆ. ಆಮೇಲೆ ಪರವಾಡದ ಔಷಧಿ ಕಂಪನಿಯವರು ಒಂದು ಸೊಪ್ಪಿನಿಂದ ತೆಗೆದುಕೊಟ್ಟ ಸಾರವನ್ನು ಹನಿಸಿದರೆ, ಹತ್ತು ಹನ್ನೆರಡು ನಿಮಿಷದಲ್ಲಿ ಆ ಹೊತ್ತಿ ಉರಿಯುವುದು ತಣ್ಣಗಾಗುತ್ತದೆ. ಇದು ಶೇಷಗಿರಿಯ ಶೋಧ. ಇದಕ್ಕೆ ಹೈದರಾಬಾದಿನ ವಿಜ್ಞಾನಿಗಳ ಸಭೆಯಲ್ಲಿ ಚಪ್ಪಾಳೆ ಬಿದ್ದಿತ್ತು. ಇಂಚರಾ ಹಾಕಿದ್ದು ಬರೀ ನೀರು. ಹನ್ನೊಂದನೇ ನಿಮಿಷಕ್ಕೆ ಪರದೆ ತಣ್ಣಗಾಯಿತು. ಏನೂ ವ್ಯತ್ಯಾಸವಿಲ್ಲ. ನೋಡುವುದಕ್ಕೆಂದು ಹಾಯಿಸಿದ ಬೆಳಕಿಗೇ ಬಣ್ಣ ಮಾಸಿತ್ತು, ದಿನಾ ಬಿಸಿಲಿಗೆ ಹಾಕಿದ ಸೀರೆ ಮಾಸುವ ಹಾಗೆ. ಅವನು ಯಾವಾಗಲೂ ಒಂದೇ ಚೂರಿನಲ್ಲಿ ಸಾರವಿಲ್ಲದ್ದನ್ನು ಮೊದಲು, ಸಾರ ಹಾಕಿದ್ದನ್ನು ಆಮೇಲೆ ಚಿತ್ರಿಸುತ್ತಿದ್ದ. ಆಮೇಲಿನದು ಮಂಕಾಗದೆ ಇನ್ನೇನಾದೀತು? “ಚೂರು ವೀಕಿರಬೇಕಮ್ಮ, ದೀಪಾನೂ ಹಳೇದು” ಎಂದು ಅವನು ಅಂದಿದ್ದ, ಧ್ವನಿಯಲ್ಲಿ ಹಿರಿಯರ ಸಹನೆಯನ್ನೆಲ್ಲ ತುಂಬಿಕೊಂಡು. ಅವಳು ಹೌದು ಸರ್ ಎಂದು ಎದ್ದುಹೋದಳು.

ಶುಕ್ರವಾರ ಬೆಳಿಗ್ಗೆ ಅವನ ಮೇಜಿನ ಮೇಲೆ ಎರಡು ವರ್ಷದ ಹಿಂದಿನ ಅವನದೇ ನೋಟ್‌ಬುಕ್ಕು ತೆರೆದುಕೊಂಡು ಬಿದ್ದಿತ್ತು. ಚೀಟಿಯಿಲ್ಲ, ಗುರುತಿಲ್ಲ, ಫ್ಯಾನಿನ ಗಾಳಿಗೆ ಹಾಳೆ ಹಾರಬಾರದೆಂದು ಇಂಚರಾ ಮೂಲೆಗೆ ಒಂದು ಸ್ಟೇಪ್ಲರ್ ಇಟ್ಟಿದ್ದಳು ಅಷ್ಟೆ. ಅವನದೇ ಅಕ್ಷರ: ಬರೀ ನೀರು, ಹನ್ನೆರಡನೇ ನಿಮಿಷಕ್ಕೆ ಮಿಣುಕು ನಿಂತಿತು, ಸತ್ತ ಚೂರು, ಲೆಕ್ಕಕ್ಕಿಲ್ಲ. ನೆನಪಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಆದರೆ ನೆನಪಿತ್ತು. ಆ ದಿನ ಸಂಜೆ ಸಂಸ್ಥೆಯ ನಿರ್ದೇಶಕರು ಬರುವವರಿದ್ದರು. ಹೊರದೇಶದವರು ಪಾಚಿಯ ಜೀನೊಂದನ್ನು ಮೆದುಳಿಗೆ ಸೇರಿಸಿ ಬೆಳಕಿನಿಂದಲೇ ಕೋಶವನ್ನು ಹೊತ್ತಿಸುವ ಆರಿಸುವ ಮಟ್ಟಕ್ಕೆ ಹೋಗಿದ್ದಾರೆ, ನಮ್ಮದೊಂದು ಹಳೆಯ ದೀಪ ಹಳೆಯ ಕ್ಯಾಮೆರಾ, ಇದರಲ್ಲೇ ಏನಾದರೂ ತೋರಿಸದಿದ್ದರೆ ಬಾಗಿಲು ಮುಚ್ಚಬೇಕಾಗುತ್ತದೆ ಎಂದು ಅವನು ವಾರದಿಂದ ನಿದ್ದೆಗೆಟ್ಟಿದ್ದ. ನೀರು ಹಾಕಿದ ಚೂರು ಆರಿದಾಗ ಎದೆಯೊಳಗೆ ಏನೋ ಕುಸಿದಿತ್ತು. ಆ ಕುಸಿದದ್ದು ಏನೆಂದು ನಿಂತು ನೋಡದೆ, ಪೆನ್ನು ತೆಗೆದು ಚೂರು ಸತ್ತಿದೆ ಎಂದು ಬರೆದಿದ್ದ. ಬರೆದ ಮೇಲೆ ಅದು ಸತ್ತೇ ಇತ್ತು. ಎರಡು ವರ್ಷ ಅವನು ಆ ಪುಟವನ್ನು ತೆರೆಯಲಿಲ್ಲ. ಮತ್ತೆ ನೀರು ಹಾಕಿ ನೋಡಲೂ ಇಲ್ಲ.

ಇಷ್ಟೇ ಆಗಿದ್ದರೆ ಮಾನ ಹೋಗುತ್ತಿದ್ದುದು ಅವನೊಬ್ಬನದು. ಗೋದಾವರಿಯ ಸೇತುವೆ ಬಂದು, ಬೋಗಿಯ ಜನರೆಲ್ಲ ಕಿಟಕಿಗೆ ಬಂದು ಕೈಮುಗಿಯುತ್ತಿದ್ದಾಗ, ಅವನು ಎಂಟು ತಿಂಗಳ ಹಿಂದಿನ ಒಂದು ಊಟವನ್ನು ನೆನೆದು ಕಣ್ಣು ಮುಚ್ಚಿಕೊಂಡ. ವಿಜಯವಾಡದ ಭವಾನಿಪುರಂನಲ್ಲಿ ಅಕ್ಕ ಕಮಲಾಕ್ಷಿಯ ಮನೆ. ತುಮಕೂರಿನಿಂದ ಮದುವೆಯಾಗಿ ಬಂದವಳು, ಗಂಡ ರಾಮಮೋಹನ್ ರೈಲ್ವೆಯ ಸಿಗ್ನಲ್ ವಿಭಾಗದವರು, ಒಬ್ಬಳೇ ಮಗಳು ಲಕ್ಷ್ಮೀಪ್ರಸನ್ನ. ಪ್ರಸನ್ನಳಿಗೆ ಹನ್ನೆರಡನೇ ವಯಸ್ಸಿನಿಂದ ಫಿಟ್ಸ್. ದಿನಕ್ಕೆ ಮೂರು ಮಾತ್ರೆ, ಮಾತ್ರೆಯಿಂದ ವಸಡು ಊದಿ, ನಗುವಾಗ ಕೈ ಅಡ್ಡ ಹಿಡಿಯುವುದು ರೂಢಿಯಾಗಿಬಿಟ್ಟ ಹುಡುಗಿ. ಆ ದಿನ ಹುಳಿಯನ್ನ ತಿನ್ನುತ್ತ ಶೇಷಗಿರಿ ಹೈದರಾಬಾದಿನ ಚಪ್ಪಾಳೆಯ ಕಥೆ ಹೇಳಿದ. ಹೇಳುತ್ತ ಹೇಳುತ್ತ ದೊಡ್ಡವನಾದ. ಕೈತೊಳೆದ ಮೇಲೆ ಚೀಲದಿಂದ ಆ ಸಾರದ ಪುಡಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಪ್ರಯೋಗಾಲಯದ ಕಪಾಟಿನಿಂದ ಯಾರನ್ನೂ ಕೇಳದೆ ತಂದದ್ದು. ಮನುಷ್ಯರಿಗೆ ಕೊಡುವ ಮಾತೇ ಇರಲಿಲ್ಲ. ಹಳ್ಳಿಯ ವೈದ್ಯರು ತಲೆಮಾರಿನಿಂದ ಈ ಸೊಪ್ಪನ್ನು ಕೊಡುತ್ತ ಬಂದಿದ್ದಾರೆ, ಕೆಡುಕೇನಿಲ್ಲ ಎಂದು ಅವನು ತನ್ನೊಳಗಿನ ಅಳುಕಿನ ಬಾಯಿ ಮುಚ್ಚಿಸಿದ್ದ. “ಇದನ್ನ ತಗೋತಾ ಹೋಗು, ಮಾತ್ರೆ ಮೆಲ್ಲಗೆ ಬಿಡಬಹುದು” ಎಂದಿದ್ದ. ಎಷ್ಟು ಮೆಲ್ಲಗೆ, ಯಾರನ್ನು ಕೇಳಿ, ಅದೊಂದನ್ನೂ ಹೇಳಿರಲಿಲ್ಲ. ಪ್ರಸನ್ನ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಿದ್ದಳು. ಆಮೇಲೆ ತಿಂಗಳಿಗೊಂದು ಡಬ್ಬಿ ಕೊರಿಯರ್‌ನಲ್ಲಿ ಹೋಗುತ್ತಿತ್ತು.

ಈಗ ಅವಳಿಗೊಂದು ಗಂಡು ಗೊತ್ತಾಗುವುದರಲ್ಲಿತ್ತು. ಹುಡುಗ ಸಾಯಿಕಿರಣ್, ಪರವಾಡದ ಬೇರೊಂದು ಔಷಧಿ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಪ್ರಸನ್ನಳನ್ನು ನೋಡಿ ಒಪ್ಪಿದ್ದಾನೆ. ಹುಡುಗನ ತಾಯಿಗೆ ಅಕ್ಕ ಏನನ್ನೂ ಮುಚ್ಚಿಟ್ಟಿರಲಿಲ್ಲ. ಫಿಟ್ಸ್ ಇತ್ತು, ನನ್ನ ತಮ್ಮ ಕಂಡುಹಿಡಿದ ಔಷಧಿಯಿಂದ ವಾಸಿಯಾಗಿದೆ ಎಂದಿದ್ದಳು. ಆ ತಾಯಿ, ಹಾಗಾದರೆ ಹುಡುಗಿಯ ಸೋದರಮಾವನೇ ಬಂದು ಒಂದು ಮಾತು ಹೇಳಲಿ ಎಂದಿದ್ದರು. ಈ ಕಡೆಯ ಮದುವೆಗಳಲ್ಲಿ ಹುಡುಗಿಯನ್ನು ಬಿದಿರ ಬುಟ್ಟಿಯಲ್ಲಿ ಕೂರಿಸಿ ಮಂಟಪಕ್ಕೆ ಹೊತ್ತು ತರುವವನು ಸೋದರಮಾವ. ಹೊತ್ತು ತರುವವನ ಮಾತಿನ ಮೇಲೆ ಮಾತಿಲ್ಲ. ಇವತ್ತು ಭಾನುವಾರ, ನಾಲ್ಕು ಗಂಟೆಗೆ ಅವರು ಬರುತ್ತಾರೆ. ಅವರು ಬರುವುದರೊಳಗೆ ಅಕ್ಕನಿಗೆ ನಿಜ ಹೇಳಿಬಿಡಬೇಕೆಂದು ಶೇಷಗಿರಿ ಬೆಳಗಿನ ಜನ್ಮಭೂಮಿ ರೈಲು ಹಿಡಿದಿದ್ದ. ಹೇಳಬೇಕಾದ ವಾಕ್ಯವನ್ನು ಏಲೂರಿನವರೆಗೆ ಮನಸ್ಸಿನಲ್ಲೇ ಹತ್ತಾರು ಬಗೆಯಲ್ಲಿ ಕಟ್ಟಿದ. ಎಲ್ಲದರಲ್ಲೂ ದೀಪದ್ದೇ ತಪ್ಪಿತ್ತು.

“ಬಂದ್ಯಾ ಶೇಷು! ಬಾ ಬಾ, ಬೂಟ್ಸು ಅಲ್ಲೇ ಬಿಡು, ನೆಲ ಒರ್ಸಿದೀನಿ,” ಎಂದ ಅಕ್ಕನ ಮುಖದಲ್ಲಿ ವರ್ಷಗಳಿಂದ ಕಾಣದ ಒಂದು ಕಳೆಯಿತ್ತು. ಸೋಫಾಕ್ಕೆ ಹೊಸ ಹೊದಿಕೆ, ಟಿ.ವಿ.ಯ ಸ್ಟೂಲಿನಿಂದ ಟಿ.ವಿ. ಇಳಿಸಿ ಅವನ ಲ್ಯಾಪ್‌ಟಾಪಿಗೆ ಜಾಗ ಮಾಡಿದ್ದರು. ಕೆಳಗೆ ಮಂಗಳಗಿರಿ ಸೀರೆಯ ಒಂದು ಹಳದಿ ತುಂಡನ್ನೂ ಹಾಸಿದ್ದರು, ಪೂಜೆಗೆ ಪೀಠ ಸಿದ್ಧಮಾಡಿದ ಹಾಗೆ. ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಅಕ್ಕ ಕಾದ ಎಣ್ಣೆಗೆ ಹೂರಣದ ಉಂಡೆ ಬೂರೆಲು ಬಿಡುತ್ತಿದ್ದಳು. ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ಅವಳ ಕನ್ನಡ ತುಮಕೂರಿನದೇ, ನಡುನಡುವೆ ತೆಲುಗು ಉದುರುತ್ತಿತ್ತು ಅಷ್ಟೆ. “ಅಕ್ಕ, ಆ ಪುಡಿ ವಿಷಯ ಒಂದು ಹೇಳ್ಬೇಕಿತ್ತು,” ಎಂದ.

“ಪುಡಿ ವಿಷಯ ನಾನು ಹೇಳ್ತೀನಿ ಕೇಳು. ಎಂಟು ತಿಂಗಳಾಯ್ತು ಕಣೋ. ಒಂದ್ ಸಲಾನೂ ಬಂದಿಲ್ಲ. ಮಾತ್ರೆ ಪೂರ್ತಿ ಬಿಟ್ಟು ಆರು ತಿಂಗಳು. ವಸಡು ನೋಡು ಹೆಂಗಿಳ್ದಿದೆ. ಮೊನ್ನೆ ಕನಕದುರ್ಗಮ್ಮನ ಗುಡೀಲಿ ನಿನ್ನ ಹೆಸರಲ್ಲೇ ಅರ್ಚನೆ ಮಾಡ್ಸಿದೆ.” ಅವಳು ಜಾಲರಿ ಸೌಟಿನಿಂದ ಎಣ್ಣೆ ಬಸಿಯುತ್ತ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. “ಅಮ್ಮ ಇರ್ಬೇಕಿತ್ತು ಶೇಷು. ನೀನು ಇಲಿ ಕೊಯ್ಯೋ ಕೆಲಸಕ್ಕೆ ಸೇರಿದಾಗ ಎಷ್ಟು ಅತ್ಳು ಗೊತ್ತಾ.”

ಎಂಟು ತಿಂಗಳು ಒಂದು ಸಲವೂ ಬಂದಿಲ್ಲ! ಕಟ್ಟಿಕೊಂಡು ಬಂದ ವಾಕ್ಯ ನಾಲಿಗೆಯ ಮೇಲೆಯೇ ಕರಗಿಹೋಯಿತು. ಹಾಗಾದರೆ ಸಾರದಲ್ಲಿ ಏನೋ ಇದೆಯೇ? ಚೂರಿನಲ್ಲಿ ಕಾಣದ್ದು ಇಡೀ ಮೆದುಳಿನಲ್ಲಿ ನಡೆಯುತ್ತಿರಬಹುದಲ್ಲ? ಒಬ್ಬಳೇ ಒಬ್ಬ ರೋಗಿಯನ್ನು ಹಿಡಿದುಕೊಂಡು ಯಾರಾದರೂ ಸಭೆಯಲ್ಲಿ ಹೀಗೆ ವಾದಿಸಿದ್ದರೆ ಅವನು ಎಲ್ಲರೆದುರು ನಗೆಯಾಡಿರುತ್ತಿದ್ದ. ಒಂದು ಸಲ ಒಬ್ಬ ಪಾಪದ ಸಂಶೋಧಕನ ಮೇಲೆ ಹಾಗೆ ನಗೆಯಾಡಿಯೂ ಇದ್ದ, ಆ ಮನುಷ್ಯ ಬೆವರೊರೆಸಿಕೊಂಡು ಕೂತುಬಿಟ್ಟಿದ್ದ. ಈಗ ಅದೇ ವಾದವನ್ನು ಎದೆಗವಚಿಕೊಂಡು, ಅಕ್ಕ ಕೊಟ್ಟ ಬಿಸಿ ಬೂರೆಯನ್ನು ಬಾಯಿಗೆ ಹಾಕಿಕೊಂಡ. ನಾಲಿಗೆ ಸುಟ್ಟಿತು. ಚೆನ್ನಾಗಿದೆ ಎಂದ.

ವರಾಂಡದಲ್ಲಿ ಭಾವ ರಾಮಮೋಹನ್ ಕುರ್ಚಿ ಎಳೆದುಕೊಟ್ಟರು. ಮಾತು ಕಡಮೆಯ ಮನುಷ್ಯ. ಹೆಂಡತಿಯ ಭಾಷೆ ಪೂರ್ತಿ ತಿಳಿಯುತ್ತಿತ್ತು, ಆಡುವಾಗ ಮಾತ್ರ ತೆಲುಗಿನ ಗತ್ತು ಬರುತ್ತಿತ್ತು. ನಿಮ್ಮ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರು. ಹಿಂದೆಲ್ಲ ಶೇಷಗಿರಿ ಇವರಿಗೆ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದ, ಸಿಗ್ನಲ್ ಕಂಬದ ಮನುಷ್ಯನಿಗೆ ಇದೆಲ್ಲ ಯಾಕೆ ಎಂದು. ಇವತ್ತು ಮೆಲ್ಲಗೆ, ಬಿಡಿಸಿ ಹೇಳಿದ: ಪಾದರಸದ ದೀಪ, ನೀಲಿ ಬೆಳಕು, ಬಣ್ಣ ಕುಡಿದ ಕೋಶ, ಹಸಿರು ಮಿಣುಕು. ರಾಮಮೋಹನ್ ಪೂರ್ತಿ ಕೇಳಿಸಿಕೊಂಡು ಅಂದರು: “ಒಂದು ಸಂದೇಹ, ಶೇಷಗಿರಿಗಾರು. ತಪ್ಪು ತಿಳೀಬೇಡಿ. ನಮ್ಮ ಸಿಗ್ನಲ್ ದೀಪ ಉರೀತಾ ಉರೀತಾ ಬೆಳಕು ಕಮ್ಮಿ ಆಗತ್ತೆ. ಡ್ರೈವರಿಗೆ ಗೊತ್ತಾಗಲ್ಲ, ಕಣ್ಣು ಅಡ್ಜಸ್ಟ್ ಆಗಿಬಿಡತ್ತೆ. ಅದಕ್ಕೇ ದೀಪ ಹೋಗೋ ಮುಂಚೇನೇ ಬದಲಾಯಿಸಿ, ತಾರೀಕು ಬರೀತೀವಿ. ನಿಮ್ಮಲ್ಲಿ, ಆರಿದ್ದು ಮೆದುಳಾ, ಬೆಳಕಾ, ಅದನ್ನ ಹೆಂಗೆ ಗುರ್ತಿಸ್ತೀರಿ?”

ಅವರ ಮುಖದಲ್ಲಿ ಸಂಶಯವಿರಲಿಲ್ಲ. ಕಲಿಯುವವರ ಕುತೂಹಲವಿತ್ತು. ಹೈದರಾಬಾದಿನಲ್ಲಿ ಚಪ್ಪಾಳೆ ತಟ್ಟಿದ ನೂರಿಪ್ಪತ್ತು ಜನರಲ್ಲಿ ಒಬ್ಬನಿಗೂ ಹೊಳೆಯದ ಪ್ರಶ್ನೆಯನ್ನು ಈ ಮನುಷ್ಯ ವರಾಂಡದಲ್ಲಿ ಕಾಲು ಚಾಚಿ ಕೂತು ಕೇಳಿದ್ದರು. ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಬರುವುದಿಲ್ಲವೆಂದು ಶೇಷಗಿರಿಗೆ ಸ್ಪಷ್ಟವಾಗಿ ತಿಳಿಯಿತು. “ಅದನ್ನೆಲ್ಲ ನೋಡ್ಕೊಂಡೇ ಮಾಡಿರ್ತೀವಿ ಭಾವ. ಅದಕ್ಕೊಂದು ವಿಧಾನ ಇದೆ,” ಎಂದ. ರಾಮಮೋಹನ್ ತಲೆಯಾಡಿಸಿದರು. ಮಾಡೇ ಮಾಡಿರುತ್ತೀರಿ, ನಾನು ಸುಮ್ಮನೆ ಕೇಳಿದೆ ಎಂದು ಅವರೇ ನಾಚಿಕೊಂಡರು. ಅವರು ನಾಚಿಕೊಂಡದ್ದನ್ನು ನೋಡಲಾಗದೆ ಶೇಷಗಿರಿ ಮುಖ ತೊಳೆದು ಬರುತ್ತೇನೆಂದು ಎದ್ದ.

ನಾಲ್ಕೂಕಾಲಿಗೆ ಹುಡುಗನ ತಾಯಿ ಸೀತಾಮಹಾಲಕ್ಷ್ಮಿ ತಮ್ಮ ಅಣ್ಣನೊಂದಿಗೆ ಬಂದರು. ಮಗನಿಗೆ ಇವತ್ತು ಶಿಫ್ಟ್ ಸಿಕ್ಕಿಕೊಂಡಿತು ಎಂದರು. ಅಂಗನವಾಡಿಯಲ್ಲಿ ಇಪ್ಪತ್ತು ವರ್ಷ ಮಕ್ಕಳನ್ನು ನೋಡಿಕೊಂಡವರು, ತೆಲುಗು ಬಿಟ್ಟು ಬೇರೆ ಭಾಷೆ ಬಾರದು, ಧ್ವನಿಯಲ್ಲಿ ಗದರಿಕೆ ಇಲ್ಲದೆಯೇ ಒಂದು ಶಿಸ್ತು. ಅಣ್ಣ ಬೂರೆಲು ತಿನ್ನುವುದರಲ್ಲಿ ಮಗ್ನರಾದರು. ಶೇಷಗಿರಿಗೆ ಏಳು ವರ್ಷದಲ್ಲಿ ಬಂದ ತೆಲುಗು ಆಟೋದವರ ಜೊತೆ ಮಾತಾಡುವಷ್ಟು ಮಾತ್ರ; ಪ್ರಯೋಗಾಲಯವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಹಾಗಾಗಿ ಅವನು ಕನ್ನಡದಲ್ಲಿ ಹೇಳುವುದು, ಅಕ್ಕ ತೆಲುಗಿನಲ್ಲಿ ಹೇಳುವುದು ಎಂದಾಯಿತು. ಹಳದಿ ಬಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದ. ಕಿಟಕಿಯ ಪರದೆ ಎಳೆದರು. ಕಪ್ಪು ಪರದೆಯ ಮೇಲೆ ನೂರಾರು ಹಸಿರು ಚುಕ್ಕೆಗಳು ಒಟ್ಟಿಗೆ ಹೊತ್ತಿಕೊಂಡಾಗ ಎಲ್ಲರೂ ಅಬ್ಬಾ ಎಂದರು. ಸೀತಾಮಹಾಲಕ್ಷ್ಮಿ ಮುಂದಕ್ಕೆ ಬಾಗಿದರು. “ಇದು ಫಿಟ್ಸು,” ಎಂದಳು ಅಕ್ಕ ತೆಲುಗಿನಲ್ಲಿ, ತಾನೇ ಕಂಡುಹಿಡಿದ ಹಾಗೆ. ಆಮೇಲೆ ಚುಕ್ಕೆಗಳು ಒಂದೊಂದಾಗಿ ಮಂಕಾಗತೊಡಗಿದವು. “ಇದು ನನ್ನ ತಮ್ಮನ ಔಷಧಿ.” ಆ ಮಂಕು ಏನೆಂದು ಈಗ ಅವನಿಗೆ ಗೊತ್ತಿತ್ತು. ಬೇರೆ ಏನೂ ಅಲ್ಲವೆಂದು ಗೊತ್ತಿತ್ತು. ಸಾವಿರ ಸಲ ನೋಡಿದ ಚಿತ್ರ ಮೊದಲ ಸಲ ನಾಚಿಕೆಯಿಲ್ಲದೆ ಬತ್ತಲೆ ನಿಂತಂತೆ ಕಂಡಿತು. ಆದರೂ ಕತ್ತಲಲ್ಲಿ ಎಲ್ಲರ ಮುಖ ಹಸಿರಾಗಿ ಬೆಳಗುತ್ತಿದ್ದುದನ್ನು ನೋಡಿ, ಥೂ, ಒಳಗೊಳಗೇ ಖುಷಿಯಾಯಿತು.

“ಅಂಟೇ ಮಾತ್ರಲು ಇಂಕ ಅಕ್ಕರಲೇದಾ?” ಎಂದು ಸೀತಾಮಹಾಲಕ್ಷ್ಮಿ ನೇರವಾಗಿ ಅವನನ್ನೇ ಕೇಳಿದರು. ಮಾತ್ರೆ ಇನ್ನು ಬೇಡವೇ ಎಂದು. ಅನುವಾದ ಬೇಕಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಬಾಗಿಲ ಮರೆಯಿಂದ ಪ್ರಸನ್ನ, “ಮಾವಯ್ಯಾ, ಒಂದು ನಿಮಿಷ ಬರ್ತೀರಾ, ಕಾಫಿ ಡಬ್ಬಿ ಮೇಲಿದೆ, ಕೈ ಎಟುಕಲ್ಲ,” ಎಂದಳು. ಮನೆಯಲ್ಲಿ ಎಲ್ಲರಿಗಿಂತ ಎತ್ತರದವಳು ಅವಳೇ. ಅವನು ಎದ್ದು ಒಳಗೆ ಹೋದ.

ಅವಳು ಅವನನ್ನು ಹಿಂದಿನ ಪಾತ್ರೆ ತೊಳೆಯುವ ಕಟ್ಟೆಯವರೆಗೂ ಕರೆದುಕೊಂಡು ಹೋದಳು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಮಂಗಳಗಿರಿಯ ನೇಕಾರರ ಸಂಘದಲ್ಲಿ ಅಂಚಿನ ವಿನ್ಯಾಸ ಬರೆಯುವ ಕೆಲಸ. ಅವಳ ಕನ್ನಡ ಅಮ್ಮನೊಂದಿಗೆ ಮಾತ್ರ ಆಡಿ ಉಳಿಸಿಕೊಂಡದ್ದು, ಚಿಕ್ಕ ಮಕ್ಕಳ ಕನ್ನಡದ ಹಾಗೆ. “ಮಾವಯ್ಯಾ, ನೀವು ಕೋಪ ಮಾಡ್ಕೋಬಾರ್ದು,” ಎಂದಳು. ಚೂಡಿದಾರದ ತೋಳು ಮೇಲೆ ಸರಿಸಿದಳು. ಮೊಣಕೈಯ ಒಳಗೆ ಅಂಗೈಯಷ್ಟು ಅಗಲಕ್ಕೆ ಚರ್ಮ ಸುಟ್ಟು ನಯವಾಗಿ ಗುಲಾಬಿಯಾಗಿತ್ತು. “ಅಮ್ಮಂಗೆ ಇಸ್ತ್ರಿ ಪೆಟ್ಟಿಗೆ ತಗುಲ್ತು ಅಂದೆ. ನಿಜ ಅಲ್ಲ. ಸಂಘದಲ್ಲಿ ಬಿಸಿ ಬಣ್ಣದ ಹಂಡೆ ಹತ್ರ ಬಿದ್ದೆ. ಕಮಿಟೀ ಆಂಟಿ ಎಳೆದ್ರು. ಇನ್ನೂ ಎರಡು ಸಾರಿ ಬಂತು, ಬಾತ್‌ರೂಮಲ್ಲಿ. ಯಾರಿಗೂ ತಿಳೀದು.”

“ಮೂರು ಸಲ?” ಎಂದ ಅವನು.

“ನಿಮ್ಮ ಮಂದು, ಅದೇ ಔಷಧಿ, ಅದರ ತಪ್ಪು ಅಲ್ಲ ಮಾವಯ್ಯಾ. ಅದು ಮಿಷಿನ್‌ನಲ್ಲಿ ನೋಡಿದ್ದು ಕದಾ, ಅಲ್ವಾ. ನಂದೇ ಏನೋ ತಪ್ಪು. ಒಂದೊಂದು ದಿನ ಮರ್ತಿದ್ದೆ, ಒಂದ್ಸಾರಿ ಮಜ್ಜಿಗೆಲಿ ತಗೊಂಡೆ. ಹೇಳಿದ್ರೆ ನಿಮ್ಮ ರಿಸಲ್ಟು ಕೆಡುತ್ತೆ ಅನ್ನಿಸ್ತು. ಅಷ್ಟು ಜನ ಚಪ್ಪಾಳೆ ತಟ್ಟಿದ್ರು ಅಂದ್ರಲ್ಲ. ಅದಕ್ಕೇ ಹೇಳಲಿಲ್ಲ.” ಅವಳು ಹಳೆಯ ರೂಢಿಯಂತೆ ಬಾಯಿಗೆ ಕೈ ಅಡ್ಡ ಹಿಡಿದಳು, ನಗುತ್ತಿರಲಿಲ್ಲ. “ಸಾರಿ ಮಾವಯ್ಯಾ.”

ಅವಳು ಅವನ ಕ್ಷಮೆ ಕೇಳುತ್ತಿದ್ದಳು. ಕೊಳಾಯಿಯಿಂದ ನೀರು ತೊಟ್ಟಿಕ್ಕುವ ಸದ್ದು, ಒಳಗಿನಿಂದ ಅಕ್ಕನ ನಗು, ಎಲ್ಲ ಒಂದೇ ಸಲ ಕೇಳಿಸಿತು. ಇಲ್ಲ ಪ್ರಸನ್ನ, ನಿನ್ನದೇನೂ ಇಲ್ಲ, ಅದು ಸುಳ್ಳು, ಅದು ನನ್ನ ಸುಳ್ಳು, ಎಂದು ಅವನು ಹೇಗೋ ಹೇಳಿದ. ದೀಪದ ವಿಷಯ ಹೇಳಿದ, ನೀರಿನ ವಿಷಯ ಹೇಳಿದ, ನೋಟ್‌ಬುಕ್ಕಿನ ಪುಟದ ವಿಷಯವನ್ನೂ ಹೇಳಿದ. ಅವಳಿಗೆ ಎಷ್ಟು ತಿಳಿಯಿತೋ. ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಕೋಪ ಬರಲಿ ಎಂದು ಅವನು ಕಾದ. ಬರಲಿಲ್ಲ. ತೋಳು ಕೆಳಗೆ ಎಳೆದುಕೊಂಡು, ಲೆಕ್ಕ ಹಾಕುವವಳಂತೆ ಅಂದಳು: “ಹಂಗಾದ್ರೆ ನಾಳೆಯಿಂದ ಮಾತ್ರೆ ಶುರು ಮಾಡ್ಬೇಕು. ಸರಿ. ಇವರು ಹೋಗ್ಲಿ. ರಾತ್ರಿ ಅಮ್ಮಂಗೆ ನಾನು ಹೇಳ್ತೀನಿ. ಕಿರಣ್‌ಗೆ ನಾಳೆ ನಾನೇ ಫೋನ್ ಮಾಡಿ ಹೇಳ್ತೀನಿ. ಅವರು ಒಳ್ಳೆಯವರು ಮಾವಯ್ಯಾ, ನನ್ನ ಬಾಯಿಂದ ಕೇಳಿದ್ರೆ ತಿಳ್ಕೋತಾರೆ. ನೀವು ಈಗ ಮಾತ್ರೆ ಬೇಕಾಗತ್ತೆ ಅನ್ನಿ, ಸಾಕು. ಬಿದ್ದಿದ್ದು ಹೇಳಬೇಡಿ. ಅದು ನಾನು ಹೇಳೋದು.” ಅವನು ಆಗಲಿ ಎಂದ. ಪ್ರಮಾಣ ಮಾಡುವವನಂತೆ ಅವಳ ತಲೆಯ ಮೇಲೆ ಕೈಯಿಟ್ಟ.

ಹಜಾರಕ್ಕೆ ಬಂದಾಗ ಅವನ ತಲೆ ಎರಡು ದಿನದಿಂದ ಇಲ್ಲದಷ್ಟು ತಿಳಿಯಾಗಿತ್ತು. ಈಗ ಹೇಳುತ್ತೇನೆ, ಹೇಳಿಯೇ ತೀರುತ್ತೇನೆ ಎಂಬ ಹುರುಪು ಎದ್ದಿತು. ನಿಂತುಕೊಂಡೇ ಅಂದ: “ಅಕ್ಕ, ಇವರಿಗೆ ಹೇಳು. ಈಗ ತೋರಿಸಿದ್ದು ಸರಿಯಿಲ್ಲ. ಬರೀ ನೀರು ಹಾಕಿದ್ರೂ ಹಂಗೇ ಆರುತ್ತೆ. ಆ ಪುಡಿಯಿಂದ ಏನೂ ಆಗಲ್ಲ. ಪ್ರಸನ್ನಂಗೆ ಮಾತ್ರೆ ಬೇಕೇ ಬೇಕು.”

ಅಕ್ಕನ ಕೈಯಲ್ಲಿದ್ದ ಕಾಫಿಯ ತಟ್ಟೆ ಸ್ವಲ್ಪ ಓರೆಯಾಯಿತು, ಲೋಟ ಬೀಳಲಿಲ್ಲ. ಒಂದು ಕ್ಷಣ ಅವನನ್ನು ನೋಡಿದಳು, ಬಾಲ್ಯದಲ್ಲಿ ಅಪ್ಪನ ಏಟಿನಿಂದ ಅವನನ್ನು ಬಿಡಿಸುವಾಗ ನೋಡುತ್ತಿದ್ದ ಹಾಗೆ. ಆಮೇಲೆ ಸೀತಾಮಹಾಲಕ್ಷ್ಮಿಯವರ ಕಡೆ ತಿರುಗಿ ಸಲೀಸಾದ ತೆಲುಗಿನಲ್ಲಿ, ಇನ್ನೂ ಒಂದೆರಡು ಪರೀಕ್ಷೆ ಬಾಕಿ ಇದೆಯಂತೆ, ಈ ವಿಜ್ಞಾನಿಗಳೇ ಹಾಗೆ, ನೂರು ಸಲ ನೋಡಿದರೂ ನೂರೊಂದನೇ ಸಲ ನೋಡದೆ ಒಪ್ಪುವುದಿಲ್ಲ ಎಂದು ನಕ್ಕಳು. ಹುಡುಗನ ತಾಯಿಯೂ ನಕ್ಕರು. ರಾಮಮೋಹನ್ ನಗಲಿಲ್ಲ. ಅವರಿಗೆ ಕನ್ನಡವೂ ತಿಳಿದಿತ್ತು, ತೆಲುಗೂ ತಿಳಿದಿತ್ತು. ಅವರು ತಲೆ ತಗ್ಗಿಸಿ ನೆಲ ನೋಡುತ್ತ ಕೂತರು. ವರಾಂಡದಲ್ಲಿ ತಾನು ಹೇಳಿದ ಸುಳ್ಳು ಆ ತಗ್ಗಿದ ತಲೆಗೆ ಈಗ ಪೂರ್ತಿ ಅರ್ಥವಾಗಿದೆ ಎಂದು ಶೇಷಗಿರಿಗೆ ಗೊತ್ತಾಯಿತು.

“ಕಾದಂಡಿ,” ಎಂದ ಅವನು, ಜೋರಾಗಿ. ಹಾಗಲ್ಲ ಎಂದು. ಎಲ್ಲರೂ ಅವನತ್ತ ತಿರುಗಿದರು. ಅಕ್ಕ “ಶೇಷು, ಸುಮ್ನಿರೋ,” ಎಂದು ಹಲ್ಲು ಕಚ್ಚಿದಳು. ಅವನು ಸುಮ್ಮನಿರಲಿಲ್ಲ. ಆಟೋದವರೊಂದಿಗೆ ಚೌಕಾಶಿ ಮಾಡುವ ತೆಲುಗಿನಲ್ಲಿ, ಕ್ರಿಯಾಪದಗಳನ್ನು ಎಲ್ಲೆಲ್ಲೋ ಇಟ್ಟು, ನಾನು ಅಬದ್ಧ ಹೇಳಿದೆ, ಆ ಮಂದು ಕೆಲಸ ಮಾಡುವುದಿಲ್ಲ, ನನಗೆ ಮೊದಲೇ ಗೊತ್ತಿತ್ತು ಎಂದ. ಸೀತಾಮಹಾಲಕ್ಷ್ಮಿ ಅರ್ಥವಾಗದೆ ಹುಬ್ಬು ಗಂಟಿಕ್ಕಿದರು. ಮತ್ತೆ ಹೇಳಿದ. ಅವರ ಅಣ್ಣ ಬೂರೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿಕೊಂಡು, ಏನಂತೆ ಎಂದು ಅಕ್ಕನನ್ನು ಕೇಳಿದರು. ಅಕ್ಕ, ಅವನಿಗೆ ತೆಲುಗು ಸರಿಯಾಗಿ ಬಾರದು ಎಂದಳು. ತನ್ನ ನಿಜ ಯಾರಿಗೂ ತಲುಪುತ್ತಿಲ್ಲವೆಂಬ ಒಂದು ಬಗೆಯ ರೋಷ ಅವನಿಗೆ ಬಂತು. ತಿಳಿಯುವ ಹಾಗೆ ಹೇಳಲೇಬೇಕು, ಅನುಮಾನಕ್ಕೆ ಎಡೆಯಿಲ್ಲದ ಹಾಗೆ. ಅವನು ಮೂರು ಬೆರಳು ಎತ್ತಿ ತೋರಿಸಿ ಅಂದ: “ಮೂಡು ಸಾರ್ಲು. ಈ ಎಂಟು ತಿಂಗಳಲ್ಲಿ ಮೂಡು ಸಾರ್ಲು ಫಿಟ್ಸ್ ವಚ್ಚಿಂದಿ. ಚೆಯ್ಯಿ ಕಾಲಿಂದಿ. ಅಮ್ಮಾಯಿನಿ ಅಡಗಂಡಿ.” ಮೂರು ಸಲ ಬಂದಿದೆ, ಕೈ ಸುಟ್ಟಿದೆ, ಬೇಕಾದರೆ ಹುಡುಗಿಯನ್ನೇ ಕೇಳಿ. ಇದು ಎಲ್ಲರಿಗೂ ಅರ್ಥವಾಯಿತು.

ಆಡಿದ ಕೂಡಲೇ ಎದೆ ಹಗುರವಾಯಿತು. ನಿಜವಾಗಿಯೂ ಹಗುರವಾಯಿತು. ಗುರುವಾರದಿಂದ ಪಕ್ಕೆಲುಬಿನ ಕೆಳಗೆ ಕೂತಿದ್ದ ಗುಂಡು ಜಾರಿ ಕೆಳಗೆ ಬಿದ್ದ ಹಾಗೆ, ಉಸಿರು ಪೂರ್ತಿ ಒಳಕ್ಕೆ ಹೋಯಿತು. ಕೊನೆಗೂ ಹೇಳಿದೆ, ನಾನು ಹೇಳಿದೆ, ಎಂದುಕೊಂಡು ಅವನು ತಲೆಯೆತ್ತಿದ. ಅಡುಗೆಮನೆಯ ಬಾಗಿಲಲ್ಲಿ ಪ್ರಸನ್ನ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಅಕ್ಕ ಮಗಳ ಹತ್ತಿರ ಹೋಗಿ ಒಂದು ಮಾತೂ ಆಡದೆ ಅವಳ ತೋಳನ್ನು ಮೇಲಕ್ಕೆ ಸರಿಸಿದಳು, ನೋಡಿದಳು, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಎಲ್ಲರೆದುರು ತೆರೆದಿದ್ದ ಆ ತೋಳನ್ನು ಪ್ರಸನ್ನ ಮುಚ್ಚಿಕೊಳ್ಳಲೂ ಇಲ್ಲ.

“ನಿಜಮೇನಾ ಅಮ್ಮಾ?” ಎಂದು ಸೀತಾಮಹಾಲಕ್ಷ್ಮಿ ಮೆಲ್ಲಗೆ ಕೇಳಿದರು. ನಿಜವಾ ಎಂದು. ಅಂಗನವಾಡಿಯ ಮಗುವನ್ನು ಕೇಳುವ ಹಾಗೆ, ಗದರದೆ.

“ಅವುನಂಡಿ, ನಿಜಮೇ,” ಎಂದಳು ಪ್ರಸನ್ನ. “ರೇಪು ಕಿರಣ್ ಗಾರಿಕಿ ನೇನೇ ಚೆಪ್ಪಾಲನುಕುನ್ನಾನು.” ನಾಳೆ ನಾನೇ ಹೇಳಬೇಕೆಂದಿದ್ದೆ. ಅದನ್ನು ಹೇಳುವಾಗ ಅವಳ ಧ್ವನಿ ಒಡೆಯಿತು. ಇನ್ನು ಆ ಮಾತಿಗೆ ಏನೂ ಬೆಲೆಯಿಲ್ಲವೆಂದು, ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುತ್ತಾರೆಂದು, ಅಲ್ಲಿ ಕೂತವರೆಲ್ಲರಿಗೂ ತಿಳಿದಿತ್ತು. ಅವಳಿಗೂ ತಿಳಿದಿತ್ತು. ಸೀತಾಮಹಾಲಕ್ಷ್ಮಿ ಎದ್ದು ಅವಳ ಕೆನ್ನೆ ಸವರಿ, ಮಗನೊಂದಿಗೆ ಮಾತಾಡುತ್ತೇನಮ್ಮ ಎಂದು ಚಪ್ಪಲಿ ಹಾಕಿಕೊಂಡರು. ರಾಮಮೋಹನ್ ಅವರನ್ನು ಗೇಟಿನವರೆಗೆ ಬಿಡಲು ಹೋದರು.

ಶೇಷಗಿರಿ ಪ್ರಸನ್ನಳ ಹತ್ತಿರ ಹೋದ. ಅಷ್ಟು ದೂರ ನಡೆಯುವುದರೊಳಗೆ ಆ ಹಗುರವೆಲ್ಲ ಯಾರದೋ ಕಿಸೆಯಿಂದ ಕದ್ದದ್ದೆಂದು ಅವನಿಗೆ ತಿಳಿದುಹೋಗಿತ್ತು. “ಪ್ರಸನ್ನ, ಬೇರೆ ದಾರಿ ಇರ್ಲಿಲ್ಲಮ್ಮ. ಅವರಿಗೆ ಅರ್ಥ ಆಗ್ತಿರ್ಲಿಲ್ಲ,” ಎಂದ. ಅವಳು ಹೂಂ ಎಂದಳು. “ನಾಳೆ ನಾನು ರಜೆ ಹಾಕ್ತೀನಿ. ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಎಲ್ಲಾ ನಾನೇ ಹೇಳ್ತೀನಿ ಅವರಿಗೆ.”

ಪ್ರಸನ್ನ ಅಮ್ಮನ ಪಕ್ಕ ಕೂತು ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಿದ್ದಳು. ತಲೆಯೆತ್ತದೆ ಅಂದಳು:

“ಬೇಡ ಮಾವಯ್ಯಾ. ನಾನೇ ಹೋಗ್ತೀನಿ. ನೀವು ಬಂದ್ರೆ ನೀವೇ ಮಾತಾಡ್ತೀರಿ.”